ಅಗ್ನಿಶಾಮಕ ದಳ ಮತ್ತು ಅಂಗವಿಕಲ ಮಗು

ಮುಂಬಯಿಯ ಬೀದಿಗಳಲ್ಲಿ ಗಂಟೆ ಬಾರಿಸುತ್ತ, ಭೋಂಗಾ ಮೊಳಗಿಸುತ್ತ ಧಾವಿಸುವ ಕೆಂಪು ಬಂಡಿಯನ್ನು ಕಾಣದವರಿಲ್ಲ. ನಮ್ಮ ಮರಾಠಿ ಬಾಂಧವರು ಅದನ್ನು 'ಬಂಬ್' ಎಂದು ಕರೆಯುತ್ತಾರೆ. ದಾರಿಯ ಮಕ್ಕಳು ಅದನ್ನು ಕಂಡು ಕೈಬೀಸುತ್ತಾರೆ. ದೊಡ್ಡವರು 'ಎಲ್ಲಿ ಏನಾಯಿತೋ' ಎಂದು ಒಂದು ಕ್ಷಣ ಮರುಗಿ ಮತ್ತೆ ತಮ್ಮ ಲೋಕಲ್ ಗಾಡಿಯ ಚಿಂತೆಗೆ ಮರಳುತ್ತಾರೆ. ಆದರೆ ನಡೆಯಲಾರದ, ಕಿವಿ ಕೇಳಿಸದ, ಕಣ್ಣು ಕಾಣಿಸದ, ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವುಳ್ಳ ತಾಯಿತಂದೆಯರಿಗೆ ಆ ಗಂಟೆಯ ಸದ್ದು ಬೇರೊಂದು ಪ್ರಶ್ನೆಯನ್ನು ಕೇಳುತ್ತದೆ. ಆ ಬಂಡಿ ಒಂದು ದಿನ ನಮ್ಮ ಕಟ್ಟಡದ ಮುಂದೆಯೇ ಬಂದು ನಿಂತರೆ, ನಮ್ಮ ಮಗುವನ್ನು ಯಾರು ಎತ್ತಿಕೊಂಡಾರು? ಹೇಗೆ ಎತ್ತಿಕೊಂಡಾರು?

ಇದು ಕೆಲವೇ ಮನೆಗಳ ಪ್ರಶ್ನೆಯಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಅಂದರೆ ನೂರು ಜನರಲ್ಲಿ ಇಬ್ಬರಿಗಿಂತ ಹೆಚ್ಚು. ನಮ್ಮ ಸಂಘಸಂಸ್ಥೆಗಳ ಸದಸ್ಯ ಕುಟುಂಬಗಳನ್ನೇ ಎಣಿಸಿದರೂ ಇಂಥ ಮಕ್ಕಳಿರುವ ಮನೆಗಳು ಹಲವು ದೊರೆತಾವು. ಸಂತೋಷಕೂಟಗಳಿಗೆ ಅವರು ಬಾರದಿರುವುದರಿಂದ ನಮಗೆ ಅವರು ಕಾಣಿಸುವುದಿಲ್ಲ, ಅಷ್ಟೆ. ಆದುದರಿಂದ ಅಗ್ನಿಶಾಮಕ ದಳದವರು ಅಂಗವಿಕಲ ಮಗುವಿಗೆ ತೋರುವ ಕರುಣೆಯ ಸ್ವರೂಪವೇನು, ಆ ಕರುಣೆ ಫಲಿಸಬೇಕಾದರೆ ಮನೆಯವರೂ ನೆರೆಯವರೂ ಮಾಡಬೇಕಾದ ಸಿದ್ಧತೆಯೇನು ಎಂಬುದನ್ನು ಅರಿತುಕೊಳ್ಳುವುದು ಎಲ್ಲರಿಗೂ ಹಿತಕರ.

ದಳದ ಪರಂಪರೆ

ಮುಂಬಯಿ ನಗರದ ಅಗ್ನಿಶಾಮಕ ಸೇವೆ 1887ರಿಂದ ವ್ಯವಸ್ಥಿತ ರೂಪವನ್ನು ತಳೆಯಿತು. ಅಂದು ಬಂಡಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ಮೋಟಾರು ಬಂಡಿಗಳು ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಭಾಯಖಳಾದಲ್ಲಿ ಅದರ ಕೇಂದ್ರ ಕಚೇರಿಯಿದೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟೈಕಿನ್' ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರೊಳಗೆ ಹತ್ತಿಯ ಮೂಟೆಗಳ ಜೊತೆಗೆ ಸಿಡಿಮದ್ದಿನ ರಾಶಿಯೂ ಇದ್ದಿತು. ಬೆಂಕಿಯನ್ನು ಆರಿಸಲು ಹೋದ ದಳದ 66 ಮಂದಿ ಸ್ಫೋಟದಲ್ಲಿ ಮಡಿದರು. ಅವರ ನೆನಪಿಗಾಗಿಯೇ ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದೂ, ಅಲ್ಲಿಂದ 20ರ ವರೆಗಿನ ದಿನಗಳನ್ನು ಅಗ್ನಿಶಾಮಕ ಸಪ್ತಾಹವೆಂದೂ ಆಚರಿಸಲಾಗುತ್ತದೆ. 2015ರ ಮೇ 9ರಂದು ಕಾಲಬಾದೇವಿಯ ಗೋಕುಲ್ ನಿವಾಸದಲ್ಲಿ ಬೆಂಕಿ ಹತ್ತಿದಾಗ ಮುಖ್ಯಾಧಿಕಾರಿ ಸುನಿಲ್ ನೇಸರೀಕರ್ ಹಾಗೂ ಸುಧೀರ್ ಅಮೀನ್, ಸಂಜಯ್ ರಾಣೆ, ಮಹೇಂದ್ರ ದೇಸಾಯಿ ಎಂಬ ಅಧಿಕಾರಿಗಳು ತಮ್ಮ ಪ್ರಾಣವನ್ನೇ ಅರ್ಪಿಸಿದರು. ಕೈಕೆಳಗಿನವರನ್ನು ಮುಂದೆ ಕಳುಹಿಸಿ ತಾವು ಹಿಂದೆ ನಿಲ್ಲುವ ಅಧಿಕಾರಿಗಳು ಅವರಾಗಿರಲಿಲ್ಲ.

ಈ ದಳದ ಕೆಲಸ ಬೆಂಕಿ ಆರಿಸುವುದಷ್ಟೇ ಅಲ್ಲ. ಮಳೆಗಾಲದಲ್ಲಿ ಕುಸಿದ ಕಟ್ಟಡದ ಅವಶೇಷಗಳಡಿಯಿಂದ ಜನರನ್ನು ಹೊರತೆಗೆಯುವುದು, ನಡುವೆ ನಿಂತ ಲಿಫ್ಟಿನಿಂದ ಬಿಡಿಸುವುದು, ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿದ ಹಕ್ಕಿಯನ್ನು ಏಣಿಯೇರಿ ಬಿಡಿಸುವುದು ಸಹ ಅವರ ನಿತ್ಯದ ಕಾರ್ಯಗಳೇ. 2018ರ ಡಿಸೆಂಬರಿನಲ್ಲಿ ಅಂಧೇರಿಯ ಮರೋಳದ ಕಾಮಗಾರ್ ಆಸ್ಪತ್ರೆಗೆ ಬೆಂಕಿ ಬಿದ್ದಾಗ ಹಾಸಿಗೆಯಿಂದ ಏಳಲಾರದ ರೋಗಿಗಳನ್ನೂ ಅವರು ಏಣಿಯ ಮೂಲಕ ಇಳಿಸಿದರು. 2019ರ ಜುಲೈ 22ರಂದು ಬಾಂದ್ರಾದ ಎಂ.ಟಿ.ಎನ್.ಎಲ್. ಕಟ್ಟಡದಿಂದ 84 ಮಂದಿಯನ್ನು ಸುರಕ್ಷಿತವಾಗಿ ಕೆಳಗೆ ತಂದರು. ಹಕ್ಕಿಗೂ ಮನುಷ್ಯನಿಗೂ ಒಂದೇ ಏಣಿಯನ್ನು ನಿಲ್ಲಿಸುವ ಇವರ ಹೃದಯದಲ್ಲಿ ಅಂಗವಿಕಲ ಮಗುವಿಗೆ ಎಡೆಯಿಲ್ಲದಿದ್ದೀತೆ? ಎಡೆ ಇದ್ದೇ ಇದೆ. ಆದರೆ ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಅಯ್ಯೋ ಪಾಪ ಎಂಬ ಭಾವನೆಯೊಂದರಿಂದಲೇ ಹೊಗೆ ತುಂಬಿದ ಕೋಣೆಯಿಂದ ಇಂಥ ಮಗುವನ್ನು ಹೊರತರಲಾಗುವುದಿಲ್ಲ. ಅಲ್ಲಿ ಕರುಣೆಗೆ ತಿಳಿವಳಿಕೆ ಬೇಕು, ಅಭ್ಯಾಸ ಬೇಕು.

ಮಾತಿಲ್ಲದ ಬಾಲಕ, ನೂರನಾಲ್ಕು ಗಂಟೆಗಳು

ಈ ಮಾತಿಗೆ ಇತ್ತೀಚಿನ ವರ್ಷಗಳ ಅತ್ಯುತ್ತಮ ನಿದರ್ಶನ ದೊರೆಯುವುದು ಛತ್ತೀಸ್‌ಗಢದಲ್ಲಿ. 2022ರ ಜೂನ್ 10ರಂದು ಜಾಂಜ್‌ಗೀರ್-ಚಾಂಪಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಹತ್ತು-ಹನ್ನೊಂದು ವರ್ಷದ ಬಾಲಕನೊಬ್ಬ ಮನೆಯ ಹಿತ್ತಿಲಿನ ಕೊಳವೆಬಾವಿಗೆ ಬಿದ್ದುಬಿಟ್ಟನು. ಸುಮಾರು 80 ಅಡಿ ಆಳದ ಬಾವಿ. ಬಾಲಕ ಸಿಕ್ಕಿಕೊಂಡುದು 60 ಅಡಿಯ ಸುಮಾರಿನಲ್ಲಿ. ಆ ಮಗುವಿಗೆ ಕಿವಿ ಕೇಳಿಸದು, ಮಾತು ಬಾರದು. ಇತರ ಮಕ್ಕಳಾಗಿದ್ದರೆ ಮೇಲಿನಿಂದ 'ಹೆದರಬೇಡ ಮಗೂ, ಬಂದೆವು' ಎಂದು ಕೂಗಿ ಧೈರ್ಯ ತುಂಬಬಹುದಿತ್ತು. 'ಹಗ್ಗ ಹಿಡಿದುಕೋ' ಎಂದು ಹೇಳಬಹುದಿತ್ತು. ಇಲ್ಲಿ ಆ ದಾರಿಯೇ ಮುಚ್ಚಿಹೋಗಿತ್ತು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ದಳ, ಸೇನೆ ಹಾಗೂ ಸ್ಥಳೀಯ ರಕ್ಷಣಾ ಸಿಬ್ಬಂದಿ ಸೇರಿ ಕ್ಯಾಮರಾ ಇಳಿಬಿಟ್ಟು ಮಗುವಿನ ಚಲನವಲನಗಳನ್ನು ನೋಡುತ್ತಿದ್ದರು. ಕೊಳವೆಯ ಮೂಲಕ ಆಮ್ಲಜನಕ, ಹಗ್ಗದ ಮೂಲಕ ಬಾಳೆಹಣ್ಣು ಮತ್ತು ಹಣ್ಣಿನ ರಸ ಕಳುಹಿಸಿದರು. ಬಾವಿಯೊಳಗೆ ನೀರು ಒಸರಿದಾಗ ಪಾತ್ರೆಯನ್ನು ಇಳಿಬಿಟ್ಟರು. ಆ ಬಾಲಕ ತಾನೇ ನೀರನ್ನು ಮೊಗೆದು ತುಂಬಿಸಿದನು, ಮೇಲಿನವರು ಎಳೆದುಕೊಂಡರು. ಪಕ್ಕದಲ್ಲಿ ಇನ್ನೊಂದು ಹೊಂಡ ತೋಡಿ, ಅಲ್ಲಿಂದ ಅಡ್ಡಲಾಗಿ ಸುರಂಗ ಕೊರೆಯುವಾಗ ಗಟ್ಟಿ ಬಂಡೆ ಅಡ್ಡ ಬಂದಿತು. ಯಂತ್ರದ ಅದಿರಾಟದಿಂದ ಮಗುವಿಗೆ ಅಪಾಯವಾದೀತೆಂದು ಎಚ್ಚರದಿಂದ, ತುಸುತುಸುವೇ ಕೊರೆದರು. ಬಾವಿಯೊಳಗೆ ಒಂದು ಹಾವೂ ಇದ್ದಿತೆಂದು ವರದಿಯಾಯಿತು. ಜೂನ್ 14ರ ರಾತ್ರಿ, 104 ಗಂಟೆಗಳಿಗೂ ಮೀರಿದ ಪರಿಶ್ರಮದ ಬಳಿಕ, ಬಾಲಕ ಜೀವಸಹಿತ ಹೊರಬಂದನು. ಬಿಲಾಸಪುರದ ಆಸ್ಪತ್ರೆಗೆ ಸೇರಿಸಲಾಯಿತು.

ಈ ಘಟನೆಯಲ್ಲಿ ಮೆಚ್ಚಬೇಕಾದುದು ಯಂತ್ರಸಾಮರ್ಥ್ಯವನ್ನಷ್ಟೇ ಅಲ್ಲ. ಮಾತು ಕೇಳದ ಮಗುವಿಗೆ ಕಣ್ಣಿನ ಭಾಷೆಯಲ್ಲಿ, ಹಣ್ಣಿನ ಭಾಷೆಯಲ್ಲಿ, ಪಾತ್ರೆಯ ಭಾಷೆಯಲ್ಲಿ 'ನಾವಿದ್ದೇವೆ' ಎಂದು ತಿಳಿಸಿದರಲ್ಲ, ಅದನ್ನು ಮೆಚ್ಚಬೇಕು. ಆ ಮಗುವನ್ನು ಬರಿಯ ಭಾರವೆಂದು ಎಣಿಸದೆ, ತನ್ನ ರಕ್ಷಣೆಯಲ್ಲಿ ತಾನೂ ಪಾಲುಗೊಳ್ಳಬಲ್ಲ ಜೀವವೆಂದು ಎಣಿಸಿದರಲ್ಲ, ಅದೇ ನಿಜವಾದ ಕರುಣೆ. ನಮ್ಮ ನಾಡಿನಲ್ಲಿಯೂ 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎಳೆಯ ಕಂದನನ್ನು ಇಪ್ಪತ್ತು ಗಂಟೆಗಳ ಶ್ರಮದಿಂದ ಬದುಕಿಸಿದುದನ್ನು ಕನ್ನಡಿಗರು ಮರೆತಿಲ್ಲ.

ಮಗುವಿನ ಕಣ್ಣಿಗೆ ರಕ್ಷಕ ಹೇಗೆ ಕಾಣುವನು?

ದೊಡ್ಡವರಿಗೆ ರಕ್ಷಕನೆಂದು ಕಾಣುವ ವ್ಯಕ್ತಿ ಮಗುವಿಗೆ ಗುಮ್ಮನಂತೆ ಕಾಣಬಹುದು. ತಲೆಗೆ ಶಿರಸ್ತ್ರಾಣ, ಮುಖಕ್ಕೆ ಮುಖವಾಡ, ಬೆನ್ನಿಗೆ ಗಾಳಿಯ ಸಿಲಿಂಡರು, ಉಸಿರಾಡುವಾಗಲೆಲ್ಲ ಬುಸುಬುಸು ಸದ್ದು. ಇಂಥ ಆಕೃತಿ ಹೊಗೆಯೊಳಗಿಂದ ಬಂದರೆ ಎಷ್ಟೋ ಮಕ್ಕಳು ಮಂಚದ ಕೆಳಗೆ, ಕಪಾಟಿನೊಳಗೆ ಅಡಗಿಕೊಳ್ಳುತ್ತಾರೆ. ಅಂಗವಿಕಲ ಮಕ್ಕಳ ವಿಷಯದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಆಯಾ ಮಗುವಿನ ಸ್ಥಿತಿಗೆ ತಕ್ಕಂತೆ ರಕ್ಷಕರು ಗಮನಿಸಬೇಕಾದ ಅಂಶಗಳನ್ನು ಹೀಗೆ ವಿವರಿಸಬಹುದು.

ಮೊದಲನೆಯದಾಗಿ, ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ಪಕ್ಷವಾತವುಳ್ಳ ಮಗು. ಬೆದರಿಕೆಯಾದಾಗ, ಗಟ್ಟಿ ಸದ್ದು ಕೇಳಿದಾಗ ಇಂಥ ಮಗುವಿನ ಮಾಂಸಖಂಡಗಳು ಬಿಗಿದುಕೊಂಡು ಮೈಯೆಲ್ಲ ಕಟ್ಟಿಗೆಯಂತಾಗುವುದುಂಟು. ಕೈಕಾಲುಗಳನ್ನು ಹಿಡಿದು ಎಳೆದರೆ ಕೀಲು ತಪ್ಪೀತು, ಮೂಳೆ ಮುರಿದೀತು. ತಲೆಗೆ ಆಸರೆ ಕೊಟ್ಟು, ಮೊಣಕಾಲುಗಳನ್ನು ಮಡಿಸಿ, ಎದೆಗವಚಿಕೊಂಡು ಎತ್ತಬೇಕು. ಹೆಗಲ ಮೇಲೆ ಹಾಕಿಕೊಂಡು ಹೊರುವ ರೂಢಿಯ ಕ್ರಮ ಇಂಥ ಮಗುವಿಗೆ ಹೊಂದದು. ಉಸಿರಾಟದ ತೊಂದರೆಯುಳ್ಳ ಮಗುವಿಗಂತೂ ಅದು ಅಪಾಯಕರ.

ಎರಡನೆಯದಾಗಿ, ಕಿವಿ ಕೇಳದ ಮಗು. ಅದಕ್ಕೆ ಎಚ್ಚರಿಕೆಯ ಗಂಟೆ ಕೇಳಿಸದು. ತುಟಿಗಳ ಚಲನೆಯನ್ನು ನೋಡಿ ಮಾತನ್ನು ಅರಿಯುವ ಮಗುವಿಗೆ ಮುಖವಾಡದ ಹಿಂದಿನ ತುಟಿ ಕಾಣದು. ಹೊಗೆಯಲ್ಲಿ ಕೈಸನ್ನೆಯೂ ಕಾಣದು. ಗಾಳಿ ಶುದ್ಧವಾಗಿರುವ ಎಡೆಗೆ ಬಂದೊಡನೆ ರಕ್ಷಕನು ಮುಖವಾಡ ಸರಿಸಿ, ಟಾರ್ಚಿನ ಬೆಳಕನ್ನು ತನ್ನ ಮುಖದ ಮೇಲೆ ಬಿಟ್ಟುಕೊಂಡು ಒಮ್ಮೆ ನಕ್ಕರೆ, ಆ ನಗು ನೂರು ಮಾತುಗಳ ಕೆಲಸವನ್ನು ಮಾಡುತ್ತದೆ.

ಮೂರನೆಯದಾಗಿ, ಕಣ್ಣು ಕಾಣದ ಮಗು. ಅದು ಕತ್ತಲೆಗೆ ಹೆದರದು. ಕತ್ತಲೆಯಲ್ಲಿ ನಡೆಯುವುದನ್ನು ನಮಗಿಂತ ಚೆನ್ನಾಗಿ ಬಲ್ಲುದು. ಹೇಳದೆ ಕೇಳದೆ ಕೈಹಿಡಿದು ಎಳೆದಾಗ ಮಾತ್ರ ದಿಕ್ಕು ತಪ್ಪುತ್ತದೆ. ತನ್ನ ಹೆಸರನ್ನೂ ಕೆಲಸವನ್ನೂ ಹೇಳಿ, ಮಗುವಿಗೆ ತನ್ನ ಮೊಣಕೈ ಹಿಡಿಸಿ, 'ಈಗ ಹತ್ತು ಮೆಟ್ಟಿಲು, ಎಡಕ್ಕೆ ಗೋಡೆ' ಎಂದು ವಿವರಿಸುತ್ತ ನಡೆದರೆ ಸಾಕು.

ನಾಲ್ಕನೆಯದಾಗಿ, ಆಟಿಸಂ ಅಥವಾ ಸ್ವಲೀನತೆಯುಳ್ಳ ಮಗು. ಮಿನುಗುವ ಕೆಂಪು ದೀಪ, ಭೋಂಗಾ, ಅಪರಿಚಿತರ ಸ್ಪರ್ಶ ಇವು ಅದಕ್ಕೆ ಬೆಂಕಿಗಿಂತಲೂ ಭಯಂಕರ. ಕಚ್ಚಬಹುದು, ಪರಚಬಹುದು; ಹೊರತಂದ ಮೇಲೂ ತನ್ನ ಪರಿಚಿತ ಕೋಣೆಯನ್ನು ಅರಸಿ ಮತ್ತೆ ಒಳಗೋಡಬಹುದು. ಅದು ಹಟವಲ್ಲ, ಭೀತಿ. ಸಾಧ್ಯವಾದರೆ ಅದರ ಮೆಚ್ಚಿನ ಒಂದು ವಸ್ತುವನ್ನು, ಹಳೆಯ ದುಪ್ಪಟಿಯನ್ನೋ ಆಟದ ಬಸ್ಸನ್ನೋ, ಕೈಗೆ ಕೊಟ್ಟು, ಹೊರಗೆ ಬಂದ ಮೇಲೆ ಒಬ್ಬರು ಅದರ ಕೈಯನ್ನು ಬಿಡದೆ ನಿಲ್ಲಬೇಕು. ಬುದ್ಧಿಮಾಂದ್ಯವುಳ್ಳ ಮಗುವಿಗೆ ಒಂದು ಸಲಕ್ಕೆ ಒಂದೇ ಮಾತು: 'ಏಳು.' 'ಬಾ.' 'ಕೈ ಕೊಡು.'

ಭಾಷೆಯ ತೊಡಕು

ವಲಸೆ ಬಂದ ಕನ್ನಡಿಗರಿಗೆ ಇಲ್ಲೊಂದು ವಿಶೇಷ ಸಂಗತಿ ಇದೆ. ಮುಂಬಯಿಯ ದಳದವರು ಮಾತನಾಡುವುದು ಮರಾಠಿ, ಇಲ್ಲವೇ ಹಿಂದಿ. ಸಾಮಾನ್ಯ ಮಕ್ಕಳು ಶಾಲೆಯಲ್ಲಿ, ಆಟದ ಬಯಲಿನಲ್ಲಿ ಮೂರು ನಾಲ್ಕು ಭಾಷೆಗಳನ್ನು ತಾವಾಗಿ ಕಲಿಯುತ್ತಾರೆ. ಆದರೆ ಮನೆಯೊಳಗೇ ಬೆಳೆದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗು ತಾಯಿಯ ಕನ್ನಡವನ್ನೋ ಅಜ್ಜಿಯ ತುಳುವನ್ನೋ ಮಾತ್ರ ಬಲ್ಲುದು. 'ಘಾಬರೂ ನಕೋ, ಬಾಳ' ಎಂದು ರಕ್ಷಕನು ಎಷ್ಟೇ ಮಮತೆಯಿಂದ ನುಡಿದರೂ ಮಗುವಿಗೆ ಅದು ಬರಿಯ ಸದ್ದು. ಆದುದರಿಂದ 'ಹೆದರಬೇಡ', 'ಬಾ', 'ಕೈ ಹಿಡಿ' ಎಂಬರ್ಥದ ನಾಲ್ಕಾರು ಮರಾಠಿ ಮಾತುಗಳನ್ನು ಆಟದ ರೂಪದಲ್ಲಿ ಮಗುವಿಗೆ ಅಭ್ಯಾಸ ಮಾಡಿಸುವುದು ಒಳ್ಳೆಯದು. ಹಾಗೆಯೇ ಮಗುವಿನ ಹೆಸರು, ತೊಂದರೆ, ಎತ್ತಿಕೊಳ್ಳುವ ಕ್ರಮ, ಕೊಡುವ ಔಷಧಿ, ತಂದೆತಾಯಿಯರ ದೂರವಾಣಿ ಸಂಖ್ಯೆ ಇವನ್ನು ಮರಾಠಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಮುಂಬಾಗಿಲ ಒಳಬದಿಗೆ ಅಂಟಿಸಿಡಬೇಕು. ಮಗುವಿನ ಕೊರಳಿಗೋ ಮಣಿಕಟ್ಟಿಗೋ ಇದರ ಚಿಕ್ಕ ಚೀಟಿ ಇದ್ದರೆ ಇನ್ನೂ ಮೇಲು.

ಬೀಗ ಹಾಕಿದ ಬಾಗಿಲು

ಮುಂದಿನದು ಹೇಳಲು ಕಷ್ಟದ ಮಾತು. ಆದರೂ ಹೇಳಲೇಬೇಕಾದ ಮಾತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಒಂದು ಆಶ್ರಯದಲ್ಲಿ ಬೆಂಕಿ ಹತ್ತಿ 28 ಮಂದಿ ಸತ್ತರು. ಓಡಲು ಕಾಲುಗಳಿದ್ದರೂ ಅವರು ಓಡಲಾರದೆ ಹೋದರು, ಏಕೆಂದರೆ ಅವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ದೇಶವೇ ಅಂದು ತಲೆತಗ್ಗಿಸಿತು.

ನಮ್ಮ ಮನೆಗಳಲ್ಲಿ ಸರಪಳಿ ಇಲ್ಲ, ನಿಜ. ಆದರೆ ತಂದೆ ಬೆಳಗಿನ ಲೋಕಲ್ ಹಿಡಿದು ಚರ್ಚ್‌ಗೇಟಿಗೆ, ತಾಯಿ ತನ್ನ ಕಚೇರಿಗೆ ಹೊರಟ ಮೇಲೆ, ಹೊರಗೆ ಅಲೆದುಹೋಗುವ ಮಗುವನ್ನು ಮನೆಯೊಳಗಿಟ್ಟು ಬೀಗ ಹಾಕುವ ಪ್ರಸಂಗಗಳು ಇಲ್ಲವೆನ್ನಲಾದೀತೆ? ಊರಿನಲ್ಲಾದರೆ ದೊಡ್ಡಮ್ಮನೋ ಚಿಕ್ಕಪ್ಪನೋ ನೋಡಿಕೊಂಡಾರು. ಇಲ್ಲಿ ಹಾಗೆ ನೋಡಿಕೊಳ್ಳುವವರಿಲ್ಲ. ಇದ್ದರೂ ಎದ್ದು ಓಡಾಡಲಾರದ ಅಜ್ಜಿ ಒಬ್ಬರು. ಹಾಗೆ ಬೀಗ ಹಾಕುವವರು ಕ್ರೂರಿಗಳಲ್ಲ, ನಿರುಪಾಯರು. ಅವರನ್ನು ದೂಷಿಸುವುದರಿಂದ ಮಗುವಿಗೇನೂ ಪ್ರಯೋಜನವಿಲ್ಲ. ಕಳ್ಳರ ಭಯದಿಂದ ಕಿಟಕಿಗಳಿಗೆ ಹಾಕಿಸಿದ ಕಬ್ಬಿಣದ ಗ್ರಿಲ್ಲುಗಳು ಬೆಂಕಿಯ ದಿನ ಸೆರೆಮನೆಯ ಸರಳುಗಳಾಗುತ್ತವೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಗ್ರಿಲ್ಲಿನಲ್ಲಿ ತೆರೆಯಬಹುದಾದ ಒಂದು ಬಾಗಿಲಿರಲಿ. ಅದರ ಕೀಲಿ ಪಕ್ಕದಲ್ಲೇ, ದೊಡ್ಡವರ ಕೈಗೆಟಕುವಂತೆ ಇರಲಿ. ಮನೆಯ ಎರಡನೆಯ ಕೀಲಿ ಹಗಲೆಲ್ಲ ಮನೆಯಲ್ಲಿರುವ ನೆರೆಯವರ ಬಳಿ ಇರಲಿ. ಮಗು ಒಳಗೆ ಒಂಟಿಯಾಗಿದೆ ಎಂಬುದು ಅವರಿಗೂ ಕಾವಲುಗಾರನಿಗೂ ತಿಳಿದಿರಲಿ. ಇದನ್ನು ತಿಳಿಸಲು ನಾಚಿಕೆಪಡುವುದರಲ್ಲಿ ಅರ್ಥವಿಲ್ಲ. ಮುಚ್ಚಿಟ್ಟ ಮಗುವನ್ನು ಯಾವ ದಳವೂ ಹುಡುಕಲಾರದು.

ಬೆಂಕಿಗಿಂತ ಹೊಗೆ ಘಾತಕ

ಬೆಂಕಿಯ ಅವಘಡಗಳಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆಯಿಂದ ಸಾಯುವವರೇ ಹೆಚ್ಚು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಪ್ರಾಣವಾಯು ದೊರೆಯದೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಬಿಸಿಯಾದ ಹೊಗೆ ಮೇಲಕ್ಕೇರುವುದರಿಂದ ನೆಲದ ಸಮೀಪದ ಗಾಳಿ ತಕ್ಕಮಟ್ಟಿಗೆ ಶುದ್ಧವಾಗಿರುತ್ತದೆ. ಆದುದರಿಂದ ಬಗ್ಗಿಯೋ ತೆವಳಿಯೋ ಸಾಗಬೇಕು. ನಡೆಯಲಾರದ ಮಗುವನ್ನು ಹತ್ತಿಯ ಕಂಬಳಿಯ ಮೇಲೆ ಮಲಗಿಸಿ, ತಲೆಯ ಕಡೆಯ ಅಂಚನ್ನು ಹಿಡಿದು ನೆಲದ ಮೇಲೆಯೇ ಎಳೆದೊಯ್ಯಬಹುದು. ಒಬ್ಬ ತಾಯಿಯಿಂದಲೂ ಇದು ಸಾಧ್ಯ. ಇಬ್ಬರಿದ್ದರೆ, ಮಕ್ಕಳು ಆಟದಲ್ಲಿ ಮಾಡುವಂತೆ ಕೈಗಳನ್ನು ಹೆಣೆದು ಕುರ್ಚಿಯಂತೆ ಮಾಡಿ ಹೊರಬಹುದು, ಅಥವಾ ಹಗುರವಾದ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಯಬಹುದು. ಗಾಲಿಕುರ್ಚಿಯ ಮೋಹ ಆ ಹೊತ್ತಿನಲ್ಲಿ ಬೇಡ.

ಲಿಫ್ಟನ್ನು ಸರ್ವಥಾ ಬಳಸಕೂಡದು. ಹೊರಹೋಗುವ ದಾರಿ ಹೊಗೆಯಿಂದ ಮುಚ್ಚಿದ್ದರೆ, ಮಗುವಿನೊಂದಿಗೆ ಬೆಂಕಿಯಿಂದ ದೂರದ ಕೋಣೆಯನ್ನು ಸೇರಿ ಬಾಗಿಲು ಮುಚ್ಚಬೇಕು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಬಣ್ಣದ ಬಟ್ಟೆ ಬೀಸಬೇಕು. 101 ಅಥವಾ 112ಕ್ಕೆ ದೂರವಾಣಿ ಮಾಡುವಾಗ 'ಇಂತಿಂಥ ಮಾಳಿಗೆ, ಇಂತಿಂಥ ಕೋಣೆ, ನಡೆಯಲಾರದ ಮಗು ಇದೆ' ಎಂದು ಮೊದಲಿಗೇ ಹೇಳಬೇಕು. ಹೊರಗೆ ಬಂದವರು ಯಾವ ಕಾರಣಕ್ಕೂ ಮತ್ತೆ ಒಳಗೆ ನುಗ್ಗಬಾರದು. ಮಗು ಎಲ್ಲಿ ಅಡಗಿಕೊಳ್ಳುವ ಅಭ್ಯಾಸವುಳ್ಳದ್ದು ಎಂಬುದನ್ನು ದಳದ ಮುಖಂಡನಿಗೆ ತಿಳಿಸಬೇಕು. ಆ ಒಂದು ಮಾತು ಅಮೂಲ್ಯ ನಿಮಿಷಗಳನ್ನು ಉಳಿಸುತ್ತದೆ.

ಸುಟ್ಟ ಗಾಯವಾದರೆ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು, ಮಂಜುಗಡ್ಡೆ ಬೇಡ. ಬಳೆ, ಉಡಿದಾರ ಮೊದಲಾದುವನ್ನು ಊದಿಕೊಳ್ಳುವ ಮುನ್ನವೇ ತೆಗೆಯಬೇಕು. ತುಪ್ಪ, ಶಾಯಿ, ಅರಿಶಿನ, ಹಲ್ಲುಜ್ಜುವ ಪೇಸ್ಟು ಇವನ್ನು ಹಚ್ಚುವುದು ತಪ್ಪು. ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಚಿಂಚ್‌ಪೋಕ್ಲಿಯ ಕಸ್ತೂರಬಾ ಆಸ್ಪತ್ರೆಯಲ್ಲಿಯೂ ಐರೋಲಿಯ ರಾಷ್ಟ್ರೀಯ ಸುಟ್ಟಗಾಯ ಚಿಕಿತ್ಸಾ ಕೇಂದ್ರದಲ್ಲಿಯೂ ಇದಕ್ಕೆ ವಿಶೇಷ ವ್ಯವಸ್ಥೆಯಿದೆ. ಮೈಮೇಲೆ ಗಾಯವಿಲ್ಲದಿದ್ದರೂ ಮೂಗಿನಲ್ಲಿ ಮಸಿ, ಒಡೆದ ಧ್ವನಿ, ಕೆಮ್ಮು ಕಂಡುಬಂದರೆ ವೈದ್ಯರಿಗೆ ತೋರಿಸಲೇಬೇಕು. ತನ್ನ ನೋವನ್ನು ಹೇಳಲಾರದ ಮಗುವನ್ನು ಲಕ್ಷಣಗಳಿಗಾಗಿ ಕಾಯದೆಯೇ ತೋರಿಸುವುದು ಲೇಸು. ಮೂರ್ಛೆರೋಗದ ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಬಾರದಾದುದರಿಂದ, ಅವನ್ನೂ ಅಂಗವಿಕಲತೆಯ ಪ್ರಮಾಣಪತ್ರದ ಪ್ರತಿಯನ್ನೂ ಒಂದು ಕೈಚೀಲದಲ್ಲಿ ಬಾಗಿಲ ಬಳಿ ಸಿದ್ಧವಾಗಿಡಬೇಕು. ಮೂಲಪತ್ರಗಳಿಗೆ ಬ್ಯಾಂಕಿನ ಲಾಕರೇ ಸುರಕ್ಷಿತ ಸ್ಥಾನ.

ಕಾನೂನು ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲಿನಿಂದ ಜಾರಿಗೆ ಬಂದಿದೆ. 21 ಬಗೆಯ ಅಂಗವಿಕಲತೆಗಳನ್ನು ಅದು ಮಾನ್ಯ ಮಾಡುತ್ತದೆ. ಅದರ 8ನೆಯ ಕಲಮಿನ ಪ್ರಕಾರ ಅಪಾಯದ ಸನ್ನಿವೇಶಗಳಲ್ಲಿ ಅಂಗವಿಕಲರಿಗೆ ಇತರರೊಂದಿಗೆ ಸಮಾನವಾದ ರಕ್ಷಣೆ ದೊರೆಯಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆಯನ್ನು ಇಟ್ಟಿರಬೇಕು. ಖಾತೆ ತೆರೆಯದವನ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಇರುವುದಿಲ್ಲವಷ್ಟೆ? ಹಾಗೆಯೇ ತಮ್ಮ ಮಗುವಿನ ಹೆಸರು ಆ ದಾಖಲೆಯಲ್ಲಿ ಸೇರುವಂತೆ ನೋಡಿಕೊಳ್ಳುವುದು ಪಾಲಕರ ಕೆಲಸವೂ ಹೌದು. ಮಹಾರಾಷ್ಟ್ರದ 2006ರ ಅಗ್ನಿ ಪ್ರತಿಬಂಧಕ ಮತ್ತು ಜೀವಸುರಕ್ಷಾ ಅಧಿನಿಯಮದಂತೆ ಕಟ್ಟಡದ ಬೆಂಕಿ ನಂದಿಸುವ ಸಾಧನಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರವನ್ನು ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ಸಲ್ಲಿಸಬೇಕು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಣ್ಣ ಬಳಿಯುವ ಖರ್ಚಿನ ಬಗೆಗೆ ಗಂಟೆಗಟ್ಟಲೆ ವಾದಿಸುವವರು ಈ ಪ್ರಮಾಣಪತ್ರದ ಬಗೆಗೂ ಒಂದು ಪ್ರಶ್ನೆ ಕೇಳಿದರೆ ಉಪಕಾರವಾದೀತು.

ಅಪಾಯವಿಲ್ಲದ ದಿನದ ಸ್ನೇಹ

ಅಗ್ನಿಶಾಮಕರ ಕರುಣೆ ಅವಘಡದ ದಿನಕ್ಕೆ ಮಾತ್ರ ಮೀಸಲಲ್ಲ. 1981ನ್ನು ವಿಶ್ವಸಂಸ್ಥೆ ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು. ಅದೇ ವರ್ಷ ಅಮೆರಿಕದ ಫೀನಿಕ್ಸ್ ನಗರದಲ್ಲಿ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಏಳು ವರ್ಷದ ಬಾಲಕನೊಬ್ಬ, ತಾನು ಅಗ್ನಿಶಾಮಕನಾಗಬೇಕೆಂದು ಬಯಸಿದನು. ದಳದವರು ಅವನಿಗೆ ಸಮವಸ್ತ್ರ, ಶಿರಸ್ತ್ರಾಣ ತೊಡಿಸಿ ಬಂಡಿಯಲ್ಲಿ ಸುತ್ತಾಡಿಸಿದರು, ಗೌರವ ಸದಸ್ಯತ್ವವಿತ್ತರು. ಮುಂದೆ ಅವನು ಆಸ್ಪತ್ರೆ ಸೇರಿದಾಗ ಹೊರಗಿನಿಂದ ಏಣಿ ಹಾಕಿ, ಕಿಟಕಿಯ ಮೂಲಕ ಅವನ ಕೋಣೆಯನ್ನು ಪ್ರವೇಶಿಸಿ ನಗಿಸಿದರು. ಆ ಬಾಲಕ ಬದುಕುಳಿಯಲಿಲ್ಲ. ಆದರೆ ಅವನಂಥ ಮಕ್ಕಳ ಬಯಕೆಯನ್ನು ಈಡೇರಿಸುವ 'ಮೇಕ್-ಎ-ವಿಶ್' ಸಂಸ್ಥೆ ಬೆಳೆದು ಹಲವು ದೇಶಗಳಿಗೆ ಹರಡಿತು. 1996ರಲ್ಲಿ ಭಾರತದಲ್ಲಿಯೂ ಮುಂಬಯಿಯನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾಯಿತು. 2019ರಲ್ಲಿ ಮುಲುಂಡಿನ ಪೋಲೀಸ್ ಠಾಣೆಯಲ್ಲಿ ಕ್ಯಾನ್ಸರ್ ಪೀಡಿತ ಬಾಲಕನೊಬ್ಬನು ಒಂದು ದಿನದ ಇನ್‌ಸ್ಪೆಕ್ಟರ್ ಆಗಿ ಕುಳಿತದ್ದೂ, ಬೆಂಗಳೂರಿನಲ್ಲಿ ಐವರು ಅಸ್ವಸ್ಥ ಮಕ್ಕಳು ಒಂದು ದಿನದ ಪೋಲೀಸ್ ಕಮಿಶನರರಾದದ್ದೂ ಈ ಪರಂಪರೆಯ ಫಲ.

ಮುಂಬಯಿ ಅಂಗವಿಕಲ ಮಕ್ಕಳ ಶಿಕ್ಷಣದಲ್ಲಿ ಹಿಂದುಳಿದ ನಗರವಲ್ಲ. ಶಿವಡಿಯ ಜೈ ವಕೀಲ್ ಶಾಲೆ 1944ರಿಂದಲೂ, ಮಿಥು ಆಲೂರ್ ಅವರು ಸ್ಥಾಪಿಸಿದ ಸ್ಪಾಸ್ಟಿಕ್ಸ್ ಸೊಸೈಟಿ 1972ರಿಂದಲೂ ಸೇವೆ ಸಲ್ಲಿಸುತ್ತ ಬಂದಿವೆ. ಎರಡನೆಯದು ಈಗ 'ಅಡಾಪ್ಟ್' ಎಂಬ ಹೆಸರಿನಿಂದ ನಡೆಯುತ್ತಿದೆ. ಇಂಥ ಶಾಲೆಗಳ ಮಕ್ಕಳೂ, ನಮ್ಮ ಮನೆಗಳ ಮಕ್ಕಳೂ ಸಪ್ತಾಹದ ದಿನಗಳಲ್ಲಿ ಸಮೀಪದ ಅಗ್ನಿಶಾಮಕ ಠಾಣೆಗೆ ಒಮ್ಮೆ ಹೋಗಿಬರುವಂತಾದರೆ ಅದು ಬರಿಯ ವಿಹಾರವಾಗದು. ಅಲ್ಲಿ ಮಗು ಮುಖವಾಡವನ್ನು ಮುಟ್ಟಿ ನೋಡುತ್ತದೆ. ಅದನ್ನು ತೆಗೆದರೆ ಒಳಗೊಬ್ಬ ನಗುಮುಖದ ಕಾಕಾ ಇರುವನೆಂದು ಅರಿಯುತ್ತದೆ. ಭೋಂಗಾದ ಸದ್ದನ್ನು ಮೊದಲು ದೂರದಿಂದ, ಬಳಿಕ ಹತ್ತಿರದಿಂದ ಕೇಳಿ ರೂಢಿ ಮಾಡಿಕೊಳ್ಳುತ್ತದೆ. ಅತ್ತ ಅಗ್ನಿಶಾಮಕನೂ ಬಿಗಿದ ಕೈಕಾಲುಗಳ ಮಗುವನ್ನು ಎತ್ತುವ ಬಗೆಯನ್ನು ತಾಯಿಯಿಂದಲೇ ಕಲಿಯುತ್ತಾನೆ. ಹೀಗೆ ಇಬ್ಬರಿಗೂ ಪಾಠವಾಗುತ್ತದೆ, ಇಬ್ಬರಿಗೂ ಭಯ ಕಳೆಯುತ್ತದೆ.

ಬೆಂಕಿ ಹತ್ತಿದಾಗ ಬಾವಿ ತೋಡಬಾರದೆಂಬುದು ನಮ್ಮ ಹಿರಿಯರ ಗಾದೆ. ಬಾವಿ ತೋಡಲು ಬೇಕಾದುದು ದೊಡ್ಡ ಬಂಡವಾಳವೇನೂ ಅಲ್ಲ: ಬಾಗಿಲಿಗೆ ಒಂದು ಚೀಟಿ, ನೆರೆಯವರ ಬಳಿ ಒಂದು ಕೀಲಿ, ಗ್ರಿಲ್ಲಿಗೆ ಒಂದು ಕಿಂಡಿ, ಠಾಣೆಗೆ ಒಂದು ಭೇಟಿ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ರಕ್ತದಾನ, ನೇತ್ರ ತಪಾಸಣೆಗಳನ್ನು ಏರ್ಪಡಿಸುವಂತೆಯೇ, ಸದಸ್ಯರ ಮನೆಗಳಲ್ಲಿರುವ ಅಂಗವಿಕಲ ಮಕ್ಕಳ ಒಂದು ಪಟ್ಟಿಯನ್ನು ಪಾಲಕರ ಒಪ್ಪಿಗೆಯಿಂದ ಸಿದ್ಧಪಡಿಸಿ, ಆಯಾ ವಿಭಾಗದ ತರುಣರಿಬ್ಬರಿಗೆ ಆಯಾ ಮಗುವಿನ ಪರಿಚಯ ಮಾಡಿಸಿಕೊಡಬಹುದು. ಏಣಿ ಬರುವ ಮುನ್ನ ಮೊದಲು ತಲುಪುವವರು ನೆರೆಯವರೇ ತಾನೆ? ಆ ಮಗುವಿನ ಹೆಸರು, ಅದರ ಮೆಚ್ಚಿನ ಆಟಿಕೆ, ಅದು ಅಡಗಿಕೊಳ್ಳುವ ಮೂಲೆ ಇವು ಪಕ್ಕದ ಮನೆಯವರಿಗೆ ತಿಳಿದಿರುವ ಕಟ್ಟಡದಲ್ಲಿ ದಳದವರ ಕೆಲಸ ಅರ್ಧ ಮುಗಿದಂತೆಯೇ ಸರಿ.